ಹಳೇ ಗೋಡೆಗೆ ಹೊಸ ಸಿಮೆಂಟು: ಗಟ್ಟಿ ಮಾಡಲು ಹೋಗಿ ಗೋಡೆನೇ ಕಳಕೋಬ್ಯಾಡ್ರಿ

ಕಲ್ಲು–ಮಣ್ಣಿನ ವಾಡೆ, ಮಾಳಿಗೆ ಮನೆಗಳ ದುರಸ್ತಿಗೆ ಯಾವ ಮಾಲು ಹೊಂದುತ್ತದೆ?

ಸೊಲ್ಲಾಪುರ: ‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬುದು ಹಿರಿಯರ ಗಾದೆ. ಈಗಿನ ಕಾಲಕ್ಕೆ ಅದರ ಜೊತೆ ‘ಹಳೇ ಮನೆ ರಿಪೇರಿ ಮಾಡಿ ನೋಡು’ ಎಂಬ ಮಾತನ್ನೂ ಸೇರಿಸಬೇಕಾಗಿದೆ.

ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ, ಜತ್ತ ತಾಲೂಕುಗಳ ಕನ್ನಡ ಹಳ್ಳಿಗಳಲ್ಲಿ ಹಳೆಯ ಕಲ್ಲಿನ ಮನೆಗಳು ಇನ್ನೂ ಕಾಣಸಿಗುತ್ತವೆ. ಎರಡು–ಎರಡೂವರೆ ಅಡಿ ದಪ್ಪದ ಕರಿಕಲ್ಲಿನ ಗೋಡೆ, ಒಳಗೆ ಕಟ್ಟಿಗೆಯ ಕಂಬ–ತೊಲೆ, ಮೇಲೆ ಮಣ್ಣಿನ ಮಾಳಿಗೆ. ಉಳ್ಳವರದಾದರೆ ಸುಣ್ಣದ ಗಾರೆಯಲ್ಲಿ ಕಟ್ಟಿದ ವಾಡೆ. ಬೇಸಿಗೆಯ ಉರಿಯಲ್ಲೂ ತಂಪು, ಚಳಿಯಲ್ಲಿ ಬೆಚ್ಚಗೆ. ಮಕ್ಕಳು ಪುಣೆ, ಮುಂಬಯಿ ಸೇರಿದ್ದಾರೆ. ಊರಿನ ಮನೆಯಲ್ಲಿ ಇರುವುದು ಬಹುಪಾಲು ಮುದುಕರೇ.

ಗೋಡೆಯ ಗಾರೆ ಉದುರತೊಡಗಿದಾಗ ನಡೆಯುವ ಕತೆ ಎಲ್ಲ ಊರಲ್ಲೂ ಒಂದೇ. ಮಗ ದುಡ್ಡು ಕಳಿಸುತ್ತಾನೆ. ಗೌಂಡಿ ಬರುತ್ತಾನೆ. ‘ಹಳೇ ಮಾಲು ತೆಗೆದು ಸಿಮೆಂಟ್ ಗಿಲಾವು ಮಾಡಿಬಿಡೂಣು, ಮುಂದ ನೋಡೋದ ಬ್ಯಾಡ’ ಎಂಬ ತೀರ್ಮಾನ ಚಹಾ ಕುಡಿಯುವಷ್ಟರಲ್ಲಿ ಆಗುತ್ತದೆ. ದೀಪಾವಳಿಗೆ ಮನೆ ಹೊಸದರಂತೆ ಹೊಳೆಯುತ್ತದೆ. ಎರಡು–ಮೂರು ಮಳೆಗಾಲ ಕಳೆಯುವಷ್ಟರಲ್ಲಿ ಬಣ್ಣ ಗುಳ್ಳೆ ಏಳುತ್ತದೆ, ಬಿಳಿ ಉಪ್ಪು ಹೊರಗೆ ಬರುತ್ತದೆ. ಗಿಲಾವು ಹಪ್ಪಳದಂತೆ ಕಳಚಿ ಬೀಳುತ್ತದೆ. ಬೀಳುವಾಗ ಹಳೇ ಗೋಡೆಯ ಸಿಪ್ಪೆಯನ್ನೂ ಕಿತ್ತುಕೊಂಡು ಬರುತ್ತದೆ.

ಮನೆಯವರು ಬೈಯುವುದು ಗೌಂಡಿಗೆ, ಗೌಂಡಿ ಬೈಯುವುದು ಉಸುಕಿಗೆ. ತಪ್ಪು ಇಬ್ಬರದೂ ಅಲ್ಲ, ಹೊಂದಾಣಿಕೆಯದು. ಆ ಗೋಡೆಗೂ ಈ ಸಿಮೆಂಟಿಗೂ ಗುಣ ಕೂಡುವುದಿಲ್ಲ.

ಗೋಡೆ ಒಳಗೆ ಏನಿದೆ?

ಹೊರಗಿನಿಂದ ನೋಡಿದರೆ ಅದು ಒಂದೇ ದಪ್ಪ ಗೋಡೆ. ವಾಸ್ತವದಲ್ಲಿ ಅವು ಎರಡು ಗೋಡೆಗಳು. ಹೊರಗೊಂದು ಕಲ್ಲಿನ ಸಾಲು, ಒಳಗೊಂದು ಕಲ್ಲಿನ ಸಾಲು. ನಡುವೆ ಚೂರುಕಲ್ಲು, ಮಣ್ಣು ಇಲ್ಲವೆ ಸುಣ್ಣದ ಗಾರೆ ತುಂಬಿದ ಹೊಟ್ಟೆ. ಒಳ್ಳೆಯ ಕೆಲಸಗಾರ ಕಟ್ಟಿದ್ದರೆ ಅಲ್ಲಲ್ಲಿ ಗೋಡೆಯ ಪೂರ್ತಿ ದಪ್ಪಕ್ಕೆ ಒಂದೇ ಉದ್ದನೆಯ ಕಲ್ಲು ಅಡ್ಡ ಹಾಕಿ ಎರಡೂ ಸಾಲನ್ನು ಹೆಣೆದಿರುತ್ತಾನೆ. ಕಾಟಾಚಾರಕ್ಕೆ ಕಟ್ಟಿದ್ದರೆ ಆ ಅಡ್ಡಗಲ್ಲೇ ಇರುವುದಿಲ್ಲ.

ನಮ್ಮ ಭಾಗದ ಕರಿಕಲ್ಲು ನೀರು ಹೀರುವುದು ತೀರಾ ಕಡಿಮೆ. ಆದ್ದರಿಂದ ಬುನಾದಿಯಿಂದ ಮೇಲೇರುವ ತೇವವಾಗಲಿ, ಮಳೆಯ ಹಸಿಯಾಗಲಿ ಓಡಾಡುವುದು ಕಲ್ಲಿನಲ್ಲಿ ಅಲ್ಲ, ಕಲ್ಲುಗಳ ನಡುವಿನ ಸಂದಿಯಲ್ಲಿ. ಆ ಸಂದಿಯ ಮಣ್ಣು, ಸುಣ್ಣ ತೇವ ಹೀರುತ್ತವೆ. ಬಿಸಿಲು ಬಿದ್ದಾಗ ಗಾಳಿಗೆ ಬಿಟ್ಟುಕೊಡುತ್ತವೆ. ಗೋಡೆ ಉಸಿರಾಡುತ್ತದೆ ಎಂದು ಹಿರಿಯರು ಹೇಳುತ್ತಿದ್ದುದು ಇದಕ್ಕೇ.

ಇನ್ನೊಂದು ಗುಣ, ಬಾಗುವಿಕೆ. ಬುನಾದಿಯ ಕೆಳಗೆ ಎರೆಮಣ್ಣು ಇರುವ ಊರುಗಳಲ್ಲಿ ನೆಲ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಗೋಡೆಯೂ ವರ್ಷಕ್ಕೊಮ್ಮೆ ಕೂದಲೆಳೆಯಷ್ಟು ಏರಿಳಿಯುತ್ತದೆ. ಮೆದು ಗಾರೆ ಆ ಅಲುಗಾಟವನ್ನು ತನ್ನಲ್ಲೇ ನುಂಗಿಕೊಳ್ಳುತ್ತದೆ. ಸುಣ್ಣದ ಗಾರೆಯಲ್ಲಿ ಸಣ್ಣ ಸೀಳು ಬಿಟ್ಟರೆ, ಹಸಿ ತಾಗಿದಾಗ ಕರಗಿದ ಸುಣ್ಣ ಮತ್ತೆ ಆ ಸೀಳಿನಲ್ಲಿ ಕೂತು ತಾನೇ ಮುಚ್ಚಿಕೊಳ್ಳುವುದೂ ಉಂಟು.

ಸಿಮೆಂಟ್ ಯಾಕೆ ಹೊಂದೋದಿಲ್ಲ?

ಮೊದಲನೆಯದು ಗಡಸುತನ. ಇಟ್ಟಂಗಿ–ಕಲ್ಲಿನ ಕಟ್ಟಡಗಳ ಭಾರತೀಯ ಮಾನಕ ಐಎಸ್ 1905ರ ಪಟ್ಟಿಯಲ್ಲಿ ಒಂದಕ್ಕೆ ಆರು ಬೆರೆಸಿದ ಸಿಮೆಂಟ್ ಗಾರೆಯ ಬಲ ಚದರ ಮಿಲಿಮೀಟರಿಗೆ 3 ನ್ಯೂಟನ್. ಒಂದಕ್ಕೆ ಮೂರು ಬೆರೆಸಿದ ಸುಣ್ಣ–ಉಸುಕಿನ ಗಾರೆಯದು 0.5ರಿಂದ 0.7 ಅಷ್ಟೇ. ಅಂದರೆ ಸಿಮೆಂಟ್ ಗಾರೆ ನಾಲ್ಕಾರು ಪಟ್ಟು ಗಟ್ಟಿ. ಮಣ್ಣಿನ ಗಾರೆಯಂತೂ ಇನ್ನೂ ಮೆದು.

‘ಗಟ್ಟಿ ಇದ್ದಷ್ಟು ಚಲೋ ಅಲ್ಲೇನ್ರಿ?’ ಎಂದು ಯಾರಾದರೂ ಕೇಳಬಹುದು. ಹೊಸ ಮನೆಗೆ ಚಲೋ. ಹಳೇ ಗೋಡೆಯ ಮೇಲೆ ಗಡಸು ಪದರ ಹಾಕಿದರೆ, ಗೋಡೆ ಅಲುಗಿದಾಗ ಅದು ಜೊತೆಗೆ ಬಾಗುವುದಿಲ್ಲ. ಬಾಗದೆ ಬಿರಿಯುತ್ತದೆ, ಇಲ್ಲವೆ ಬೇರ್ಪಡುತ್ತದೆ. ಕಲ್ಲಿನ ಸಂದಿಗೆ ಸಿಮೆಂಟ್ ದರ್ಜೆ ತುಂಬಿದರೆ ಭಾರವೆಲ್ಲ ಹಿಂದಿನ ಮೆದು ಗಾರೆ ಬಿಟ್ಟು ಮುಂದಿನ ಗಡಸು ಅಂಚಿನ ಮೇಲೆ ಕೂರುತ್ತದೆ. ಕಲ್ಲಿನ ಅಂಚು ಚಕ್ಕೆ ಏಳುತ್ತದೆ. ಇಟ್ಟಂಗಿಯಾದರೆ ಇನ್ನೂ ಬೇಗ: ದರ್ಜೆ ಚೌಕಟ್ಟಿನ ಹಾಗೆ ಉಳಿದು, ನಡುವಿನ ಇಟ್ಟಂಗಿ ಸವೆದು ತಗ್ಗು ಬಿದ್ದ ಗೋಡೆಗಳನ್ನು ಎಲ್ಲರೂ ನೋಡಿರುತ್ತೀರಿ.

ಎರಡನೆಯದು ಹಸಿ. ಸಿಮೆಂಟ್ ಗಿಲಾವು ನೀರಿನ ಆವಿಯನ್ನು ಸಲೀಸಾಗಿ ಹೊರಗೆ ಬಿಡುವುದಿಲ್ಲ. ಮೇಲೆ ಪ್ಲಾಸ್ಟಿಕ್ ಪೇಂಟ್, ಆಯಿಲ್ ಪೇಂಟ್ ಹೊಡೆದರಂತೂ ಬಾಗಿಲು ಹಾಕಿದಂತೆ. ಕೆಳಗೆ ಒಂದಡಿ ಏರಿ ಆರಿಹೋಗುತ್ತಿದ್ದ ತೇವ, ದಾರಿ ಕಾಣದೆ ಮೂರಡಿ, ನಾಲ್ಕಡಿ ಏರುತ್ತದೆ. ‘ಹಸಿ ಕಾಣಬಾರದು’ ಎಂದು ನಾಲ್ಕಡಿ ಟೈಲ್ಸ್ ಹಚ್ಚಿದರೆ ಐದನೆಯ ಅಡಿಯಲ್ಲಿ ಕಾಣುತ್ತದೆ.

ಮೂರನೆಯದು ಉಪ್ಪು, ಮರಾಠಿಯಲ್ಲಿ ಹೇಳುವ ‘ಲೋಣಾ’. ನೆಲದ ಸವಳು ತೇವದ ಜೊತೆ ಮೇಲೇರುತ್ತದೆ. ಸಿಮೆಂಟ್ ತನ್ನದೂ ಒಂದಿಷ್ಟು ಉಪ್ಪು ಸೇರಿಸುತ್ತದೆ. ನೀರು ಆರಿದ ಜಾಗದಲ್ಲಿ ಉಪ್ಪು ಹರಳುಗಟ್ಟಿ ಉಬ್ಬುತ್ತದೆ. ಸುಣ್ಣದ ಗಿಲಾವು ಇದ್ದರೆ ಆ ಉಬ್ಬು ಗಿಲಾವಿನಲ್ಲೇ ಆಗಿ ಗಿಲಾವು ಉದುರುತ್ತದೆ. ಹತ್ತಿಪ್ಪತ್ತು ವರ್ಷಕ್ಕೊಮ್ಮೆ ಹೊಸದು ಹಾಕಿದರಾಯಿತು. ಸಿಮೆಂಟ್ ಇದ್ದರೆ ಅದು ಹಿಂದಿನ ಗೋಡೆಯಲ್ಲೇ ನಡೆಯುತ್ತದೆ. ಉದುರುವುದು ಗೋಡೆ.

ಇವೆಲ್ಲಕ್ಕಿಂತ ದೊಡ್ಡ ಅಪಾಯ ಕಣ್ಣಿಗೆ ಬೀಳುವುದೇ ಇಲ್ಲ. ಗೋಡೆಯೊಳಗೆ ಹೊಕ್ಕ ತೊಲೆ, ಜಂತಿಗಳ ತುದಿ ಸದಾ ಹಸಿಯಲ್ಲಿ ಕೂತು ಮೆತ್ತಗಾಗುತ್ತವೆ, ಗೆದ್ದಲು ಹಿಡಿಯುತ್ತವೆ. ಹೊರಗೆ ಗಟ್ಟಿ ಗಿಲಾವು, ಒಳಗೆ ಪುಡಿಯಾದ ಮಣ್ಣು, ಕೊಳೆತ ಕಟ್ಟಿಗೆ. ಇಂಥ ಗೋಡೆ ಬೀಳುವ ಮುಂಚೆ ಸೂಚನೆ ಕೊಡುವುದಿಲ್ಲ.

ಕಿಲ್ಲಾರಿ ಕಲಿಸಿದ ಪಾಠ

ಗಡಿ ಭಾಗದ ಜನಕ್ಕೆ ಕಲ್ಲಿನ ಗೋಡೆಯ ಭಯ ಹೊಸದಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನ 3 ಗಂಟೆ 56 ನಿಮಿಷಕ್ಕೆ, ಗಣಪತಿ ಕಳಿಸಿ ಜನ ಮಲಗಿದ್ದಾಗ, ಲಾತೂರ ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಮಿ ನಡುಗಿತು. ಕಂಪನದ ತೀವ್ರತೆ 6.2. ಲಾತೂರ, ಉಸ್ಮಾನಾಬಾದ (ಈಗಿನ ಧಾರಾಶಿವ) ಜಿಲ್ಲೆಗಳಲ್ಲಿ ಸತ್ತವರು ಸರಕಾರಿ ಲೆಕ್ಕದಲ್ಲೇ ಎಂಟು ಸಾವಿರದಷ್ಟು. ಸೊಲ್ಲಾಪುರ, ಕಲಬುರಗಿ ಕಡೆಯೂ ಜನ ಎದ್ದು ಹೊರಗೆ ಓಡಿದ್ದರು. ಅಲ್ಲಿಯವರೆಗೆ ಭೂಕಂಪದ ನಕಾಶೆಯಲ್ಲಿ ಕಿಲ್ಲಾರಿ ಇದ್ದದ್ದು ಅತಿ ಕಡಿಮೆ ಅಪಾಯದ ಒಂದನೇ ವಲಯದಲ್ಲಿ. 2002ರ ಪರಿಷ್ಕರಣೆಯಲ್ಲಿ ಆ ಒಂದನೇ ವಲಯವನ್ನೇ ತೆಗೆದುಹಾಕಿ ಈ ಭಾಗವನ್ನು ಮೂರನೇ ವಲಯಕ್ಕೆ ಸೇರಿಸಲಾಯಿತು.

ಅಷ್ಟು ಜನ ಸತ್ತದ್ದು ಯಾಕೆ? ಪರಿಶೀಲಿಸಿದ ತಜ್ಞರು ಹೇಳಿದ್ದು ಎರಡು ಮಾತು. ಒಂದು, ಮಣ್ಣಿನ ಗಾರೆಯ ದಪ್ಪ ಕಲ್ಲಿನ ಗೋಡೆಗಳಲ್ಲಿ ಅಡ್ಡಗಲ್ಲು ಇರಲಿಲ್ಲ; ಒಳಸಾಲು ಒಳಗೆ, ಹೊರಸಾಲು ಹೊರಗೆ ಬಿಚ್ಚಿ ಬಿದ್ದವು. ಎರಡು, ಮಾಳಿಗೆಯ ಭಾರ. ಸೋರಿದಾಗಲೆಲ್ಲ ಮೇಲೆ ಇನ್ನಷ್ಟು ಮಣ್ಣು ಹಾಕುತ್ತ ಹೋದ ಮಾಳಿಗೆಗಳವು. ಲೆಕ್ಕ ಹಾಕಿ ನೋಡಿ: ಹತ್ತು ಅಡಿಗೆ ಹನ್ನೆರಡು ಅಡಿಯ ಕೋಣೆಯ ಮೇಲೆ ಎರಡಡಿ ಮಣ್ಣಿದ್ದರೆ ಅದರ ತೂಕ ಹತ್ತು ಟನ್ನಿಗೂ ಹೆಚ್ಚು. ಮಳೆಗೆ ನೆನೆದರೆ ಇನ್ನೂ ಜಾಸ್ತಿ.

‘ಕಲ್ಲಿನ ಮನೆ ಅಂದ್ರ ಸಾವು’ ಎಂಬ ಮಾತು ಆಗ ಊರೂರಲ್ಲಿ ಹಬ್ಬಿತು. ಕಲ್ಲು ಸುಳ್ಳಲ್ಲ, ಕಟ್ಟಿದ ರೀತಿ ಸುಳ್ಳು. ಆದ್ದರಿಂದಲೇ ವಿಶ್ವಬ್ಯಾಂಕ್ ನೆರವಿನ ಮಹಾರಾಷ್ಟ್ರದ ಪುನರ್ವಸತಿ ಯೋಜನೆಯಲ್ಲಿ ಹೊಸ ಊರು ಕಟ್ಟಿದ್ದಷ್ಟೇ ಅಲ್ಲ, ಬೀಳದೆ ಉಳಿದ ಲಕ್ಷಕ್ಕೂ ಹೆಚ್ಚು ಹಳೆಯ ಮನೆಗಳ ದುರಸ್ತಿ ಮತ್ತು ಬಲವರ್ಧನೆಗೂ ನೆರವು ನೀಡಲಾಯಿತು. ಬಲವರ್ಧನೆ ಎಂದರೆ ಅಲ್ಲಿ ಗಿಲಾವು ಗಟ್ಟಿ ಮಾಡುವುದು ಎಂದರ್ಥವಲ್ಲ. ಮಾಳಿಗೆ ಹಗುರ ಮಾಡುವುದು, ಎರಡು ಸಾಲಿನ ಕಲ್ಲನ್ನು ಒಂದಕ್ಕೊಂದು ಹೆಣೆಯುವುದು, ನಾಲ್ಕೂ ಗೋಡೆಗಳನ್ನು ಒಟ್ಟಿಗೆ ಕಟ್ಟುವುದು.

ಇಟಲಿಯಲ್ಲೂ ಅದೇ ಕತೆ

ಗಟ್ಟಿ ಮಾಲು ಹಾಕಿ ಕೈ ಸುಟ್ಟುಕೊಂಡವರು ನಾವಷ್ಟೇ ಅಲ್ಲ. ಇಟಲಿಯ ಉಂಬ್ರಿಯಾ ಭಾಗದ ಹಳ್ಳಿಗಳಲ್ಲೂ ನಮ್ಮ ಹಾಗೆ ಎರಡು ಸಾಲಿನ ಕಲ್ಲಿನ ಗೋಡೆ, ಕಟ್ಟಿಗೆಯ ಮಾಳಿಗೆ. 1979ರಲ್ಲಿ ಅಲ್ಲಿ ಭೂಕಂಪ ಆದ ಮೇಲೆ ಎಷ್ಟೋ ಮನೆಗಳ ಕಟ್ಟಿಗೆ ತೆಗೆದು ಕಾಂಕ್ರೀಟ್ ಸ್ಲ್ಯಾಬ್, ಕಾಂಕ್ರೀಟ್ ತೊಲೆ ಹಾಕಿದರು. ಮನೆ ಭದ್ರವಾಯಿತು ಎಂದುಕೊಂಡರು. 1997ರ ಸೆಪ್ಟೆಂಬರ್ 26ರಂದು ಮತ್ತೆ ಭೂಮಿ ನಡುಗಿದಾಗ, ಹಾಗೆ ಭದ್ರ ಮಾಡಿದ ಮನೆಗಳೇ ಹಲವು ಕಡೆ ಹೆಚ್ಚು ಹಾಳಾದವು. ಮೇಲೆ ಬಿಗಿಯಾದ ಸ್ಲ್ಯಾಬ್, ಕೆಳಗೆ ಮೊದಲಿನದೇ ಪೊಳ್ಳು ಗೋಡೆ. ಸ್ಲ್ಯಾಬ್ ಬಾಗಲಿಲ್ಲ, ಗೋಡೆ ತಡೆಯಲಿಲ್ಲ. ಅಲ್ಲಿಂದ ಮುಂದೆ ಇಟಲಿಯ ಎಂಜಿನಿಯರುಗಳ ವಿಚಾರವೇ ಬದಲಾಯಿತು.

ನಮ್ಮಲ್ಲೂ ಮಾಳಿಗೆ ತೆಗೆದು ಹಳೇ ಗೋಡೆಯ ಮೇಲೆ ಸ್ಲ್ಯಾಬ್ ಹಾಕುವುದು ಈಗ ರೂಢಿ. ಐದು ಇಂಚಿನ ಸ್ಲ್ಯಾಬ್ ಎರಡಡಿ ಮಣ್ಣಿಗಿಂತ ಹಗುರವೇ ಹೌದು. ಆದರೆ ಗೋಡೆ ಹೆಣೆಯದೆ, ಒಳಸಾಲಿನ ಮೇಲಷ್ಟೇ ಸ್ಲ್ಯಾಬ್ ಕೂರಿಸಿದರೆ ಉಂಬ್ರಿಯಾದ ಕತೆ ಇಲ್ಲಿಯೂ ನಡೆಯಬಹುದು.

ಹಾಗಾದರೆ ಏನು ಹಾಕಬೇಕು?

ಸೂತ್ರ ಒಂದೇ: ಗೋಡೆ ಯಾವುದರಿಂದ ಆಗಿದೆಯೋ ಅದರ ಬಳಗದ ಮಾಲನ್ನೇ ಹಾಕಬೇಕು. ದುರಸ್ತಿಯ ಮಾಲು ಗೋಡೆಗಿಂತ ಗಟ್ಟಿ ಇರಬಾರದು, ಗೋಡೆಯಷ್ಟೇ ಉಸಿರಾಡಬೇಕು, ಬೇಕೆಂದಾಗ ಗೋಡೆಗೆ ನೋವಾಗದಂತೆ ತೆಗೆಯಲು ಬರಬೇಕು.

ಆದ್ದರಿಂದ ಮೊದಲ ಕೆಲಸ ಗೋಡೆಯ ಗಾರೆ ಮಣ್ಣಿನದೋ ಸುಣ್ಣದ್ದೋ ತಿಳಿಯುವುದು. ಸಂದಿಯಿಂದ ಒಂದು ಹೆಂಟೆ ತೆಗೆದು ಗಾಜಿನ ಲೋಟದ ನೀರಿನಲ್ಲಿ ಹಾಕಿಡಿ. ಮಣ್ಣಾದರೆ ಕರಗಿ ರಾಡಿಯಾಗುತ್ತದೆ. ಸುಣ್ಣದ ಗಾರೆಯಾದರೆ ಹೆಂಟೆ ಹಾಗೇ ಉಳಿಯುತ್ತದೆ. ಅದರ ಮೇಲೆ ಲಿಂಬೆ ಹುಳಿ ಹಿಂಡಿದರೆ ಸಣ್ಣ ಬುರುಗು ಏಳುತ್ತದೆ.

ಮಣ್ಣಿನ ಗಾರೆಯಾದರೆ ದುರಸ್ತಿಗೂ ಮಣ್ಣೇ ಸರಿ. ಮರಾಠಿಯಲ್ಲಿ ‘ಪಾಂಢರಿ’ ಎನ್ನುವ ಬಿಳಿಮಣ್ಣನ್ನು ಸಣ್ಣಗೆ ಕತ್ತರಿಸಿದ ಹುಲ್ಲು ಬೆರೆಸಿ ನಾಲ್ಕು ದಿನ ಕೊಳೆಸಿ ತುಳಿದು ಹಾಕುವುದು ಹಳೆಯ ಪದ್ಧತಿ. ಎರೆಮಣ್ಣು ಮಾತ್ರ ಬೇಡ, ಒಣಗಿದಾಗ ಬಿರಿಯುತ್ತದೆ. ಮಳೆ ಹೊಡೆಯುವ ಹೊರಬದಿಗೆ ಮೇಲೊಂದು ಸುಣ್ಣದ ಗಿಲಾವು ಕೊಟ್ಟರೆ ಸಾಕು.

ಸುಣ್ಣದ ಗಾರೆಯಾದರೆ ಸುಣ್ಣ. ಸುಣ್ಣದಲ್ಲೂ ಜಾತಿಗಳಿವೆ. ಶುದ್ಧ ಸುಣ್ಣದಕಲ್ಲು ಸುಟ್ಟ ಬಿಳಿ ಸುಣ್ಣ ಗಾಳಿ ತಾಗಿದರಷ್ಟೇ ನಿಧಾನಕ್ಕೆ ಗಟ್ಟಿಯಾಗುತ್ತದೆ. ಸಾರಣೆಗೆ, ಒಳ ಗಿಲಾವಿಗೆ ಒಳ್ಳೆಯದು. ಎರೆಹೊಲಗಳಲ್ಲಿ ಸಿಗುವ ಸುಣ್ಣದ ಹರಳು ಸುಟ್ಟದ್ದು ಬೂದುಬಣ್ಣ. ಅದರಲ್ಲಿ ಜೇಡಿಯ ಅಂಶ ಇರುವುದರಿಂದ ಹಸಿಯಲ್ಲೂ ಗಟ್ಟಿಯಾಗುತ್ತದೆ. ಭಾರತೀಯ ಮಾನಕ ಐಎಸ್ 712 ಈ ಹರಳುಸುಣ್ಣಕ್ಕೆ ‘ಇ’ ಎಂಬ ಬೇರೆ ವರ್ಗವನ್ನೇ ಕೊಟ್ಟಿದೆ. ಹರಳುಸುಣ್ಣ ಸಿಗದಿದ್ದರೆ ಬಿಳಿ ಸುಣ್ಣಕ್ಕೆ ಸುರ್ಕಿ, ಅಂದರೆ ಇಟ್ಟಂಗಿ ಪುಡಿ, ಬೆರೆಸಿದರೆ ಅದೇ ಗುಣ ಬರುತ್ತದೆ. ಸುರ್ಕಿಗೆ ಹೆಚ್ಚು ಸುಟ್ಟ ಕರಿ ಇಟ್ಟಂಗಿ ನಡೆಯದು, ಹದವಾಗಿ ಸುಟ್ಟ ಕೆಂಪು ಇಟ್ಟಂಗಿ ಬೇಕು. ಸುಣ್ಣ ಒಂದು ಪಾಲು, ಸುರ್ಕಿ ಒಂದು ಪಾಲು, ತೊಳೆದ ಉಸುಕು ಒಂದರಿಂದ ಎರಡು ಪಾಲು ಎಂಬುದು ಸಾಮಾನ್ಯ ಲೆಕ್ಕ. ಬೆಲ್ಲದ ನೀರು, ಅಳಲೆಕಾಯಿ ನೀರು ಸೇರಿಸುವ ಪದ್ಧತಿಯೂ ಇದೆ.

ಅಂಗಡಿಯಲ್ಲಿ ಚೀಲದಲ್ಲಿ ಸಿಗುವ ಸುಣ್ಣದ ಪುಡಿ ಕೊಳ್ಳುವಾಗ ಎಚ್ಚರ. ಬಹಳ ದಿನ ಗಾಳಿಗೆ ತೆರೆದಿಟ್ಟದ್ದು ಆಗಲೇ ಸತ್ತುಹೋಗಿರುತ್ತದೆ. ಎಷ್ಟು ಹಾಕಿದರೂ ಗಾರೆ ಹಿಡಿಯುವುದಿಲ್ಲ. ಭಟ್ಟಿಯಿಂದ ಹೊಸದಾಗಿ ಸುಟ್ಟ ಹರಳು ತಂದು ಮನೆಯಲ್ಲೇ ಅರಳಿಸುವುದು ಉತ್ತಮ. ಅರಳುವಾಗ ನೀರು ಕುದಿದು ಸಿಡಿಯುತ್ತದೆ. ಮಕ್ಕಳನ್ನು ದೂರ ಇಡಿ, ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ. ಅರಳಿದ ಬಿಳಿ ಸುಣ್ಣವನ್ನು ಗುಂಡಿಯಲ್ಲಿ ನೀರು ನಿಲ್ಲಿಸಿ ಕೆಲವು ವಾರವಾದರೂ ಕೊಳೆಸಬೇಕು. ಹೆಚ್ಚು ದಿನ ಕೊಳೆತಷ್ಟೂ ಬೆಣ್ಣೆಯಂತೆ ಆಗುತ್ತದೆ.

ಕೆಲಸದ ಹಂಗಾಮೂ ಮುಖ್ಯ. ನಮ್ಮ ಕಡೆ ಏಪ್ರಿಲ್–ಮೇ ತಿಂಗಳ ಬಿಸಿಲಿಗೆ ಸುಣ್ಣದ ಗಾರೆ ಗಟ್ಟಿಯಾಗುವ ಮೊದಲೇ ಒಣಗಿ ಪುಡಿಯಾಗುತ್ತದೆ. ದೀಪಾವಳಿ ಮುಗಿದ ಮೇಲೆ ಶಿವರಾತ್ರಿಯವರೆಗೆ ಒಳ್ಳೆಯ ಕಾಲ. ಹಸಿ ಗೋಣಿತಟ್ಟು ಹೊದಿಸಿ ಒಂದೆರಡು ವಾರ ತೇವ ಇಡಬೇಕು, ತೆಳು ಪದರಗಳಲ್ಲಿ ಹಾಕಬೇಕು. ಮುಗಿದ ಮೇಲೆ ಪೇಂಟ್ ಬೇಡ, ಸುಣ್ಣ ಸಾರಿಸಿದರೆ ಸಾಕು.

‘ಸುಣ್ಣಕ್ಕ ಏನ್ ಬಲ ಅದ್ರಿ’ ಎನ್ನುವವರು ವಿಜಯಪುರದ ಗೋಳಗುಮ್ಮಟ ನೆನೆಸಿಕೊಳ್ಳಲಿ. ಸೊಲ್ಲಾಪುರದಿಂದ ನೂರು ಕಿಲೋಮೀಟರಿನ ದಾರಿ. 1656ರ ಸುಮಾರಿಗೆ ಮುಗಿದ ಆ ಕಟ್ಟಡದ ಗುಮ್ಮಟ ಸುಮಾರು 44 ಮೀಟರ್ ಅಗಲ. ಆಗ ಸಿಮೆಂಟ್ ಹುಟ್ಟಿಯೇ ಇರಲಿಲ್ಲ. ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಇಂಗ್ಲೆಂಡಿನಲ್ಲಿ ಪೇಟೆಂಟ್ ಸಿಕ್ಕಿದ್ದು 1824ರಲ್ಲಿ. ಗುಮ್ಮಟ ನಿಂತಿರುವುದು ಸುಣ್ಣದ ಗಾರೆಯ ಮೇಲೆ.

ಬಲ ಬೇಕಾದಲ್ಲಿ ಹೆಣೆಯಿರಿ

ಗಿಲಾವು, ದರ್ಜೆ ಸರಿಯಾದ ಮಾತ್ರಕ್ಕೆ ಭೂಕಂಪಕ್ಕೆ ಗೋಡೆ ತಡೆಯುತ್ತದೆ ಎಂದಲ್ಲ. ಅದಕ್ಕೆ ಹೆಣೆಯುವ ಕೆಲಸ ಬೇರೆಯೇ ಇದೆ. ಹೊಸದಾಗಿ ಕಟ್ಟುವ ಕಲ್ಲಿನ ಗೋಡೆಗೆ ಭಾರತೀಯ ಮಾನಕ ಐಎಸ್ 13828 ಹೇಳುವುದು ಎತ್ತರದಲ್ಲಿ ಪ್ರತಿ 60 ಸೆಂಟಿಮೀಟರಿಗೆ, ಉದ್ದಕ್ಕೆ 1.2 ಮೀಟರಿಗೊಂದರಂತೆ ಅಡ್ಡಗಲ್ಲು ಇರಬೇಕೆಂದು. ಹಳೇ ಗೋಡೆಯಲ್ಲಿ ಅವು ಇಲ್ಲದಿದ್ದರೆ, ಮೆಲ್ಲಗೆ ಒಂದೊಂದೇ ಕಲ್ಲು ಸಡಿಲಿಸಿ ಆರಪಾರ ತೂತು ಮಾಡಿ, ಎರಡೂ ತುದಿ ಬಾಗಿಸಿದ ಸಳಿ ಕೂರಿಸಿ ತುಂಬುವ ವಿಧಾನವನ್ನು ದುರಸ್ತಿಯ ಮಾನಕ ಐಎಸ್ 13935 ತಿಳಿಸುತ್ತದೆ. ಡ್ರಿಲ್ಲಿಂಗ್ ಮಷೀನಿನ ಹೊಡೆತಕ್ಕೆ ಮಣ್ಣಿನ ಗೋಡೆ ಸಡಿಲಾಗುತ್ತದೆ, ಕೈಯಿಂದಲೇ ಮಾಡಬೇಕು.

ಇನ್ನೊಂದು, ಮನೆಗೆ ನಡಪಟ್ಟಿ ಕಟ್ಟುವುದು. ಬಾಗಿಲು–ಕಿಡಕಿಯ ಮೇಲೆ ಮತ್ತು ಮಾಳಿಗೆಯ ಕೆಳಗೆ ಗೋಡೆಯ ಸುತ್ತ ಜಾಳಿಗೆಯ ಪಟ್ಟಿ ಬಿಗಿದು ನಾಲ್ಕೂ ಗೋಡೆಗಳನ್ನು ಒಂದಾಗಿಸುವುದು. ಸಾಮಾನ್ಯ ಮನೆಗಳಿಗೆ ಇದನ್ನು ಸಿಮೆಂಟ್ ಗಾರೆಯಲ್ಲೇ ಮಾಡುತ್ತಾರೆ. ಹಾಗಾಗಿ ಸಿಮೆಂಟ್ ಎಲ್ಲ ಕಡೆ ವೈರಿ ಎಂದು ತಿಳಿಯಬೇಕಿಲ್ಲ. ಪಟ್ಟಿ ಒಂದಡಿ ಅಗಲದ್ದು. ಮೇಲೆ–ಕೆಳಗೆ ಗೋಡೆ ಉಸಿರಾಡಲು ಜಾಗ ಉಳಿಯುತ್ತದೆ. ಇಡೀ ಗೋಡೆಗೆ ಸಿಮೆಂಟ್ ಮೆತ್ತಿದಾಗ ಮಾತ್ರ ತೊಂದರೆ. ಕೆತ್ತನೆಯ ವಾಡೆ, ಗುಡಿ, ಮಠದಂಥ ಕಡೆ ಸುಣ್ಣದ ಗಾರೆಯ ಜೊತೆಗೇ ಹೊಂದುವ ಗಾಜಿನೆಳೆಯ ಜಾಳಿಗೆ, ಸ್ಟೇನ್‌ಲೆಸ್ ಸ್ಟೀಲಿನ ಸಳಿ, ಕಟ್ಟಿಗೆಯ ಪಟ್ಟಿ ಬಳಸುವ ವಿಧಾನಗಳೂ ಇವೆ.

ಸಾದಾ ಕಬ್ಬಿಣದ ಬಗ್ಗೆ ಮಾತ್ರ ಹುಷಾರ್. ಸಿಮೆಂಟ್ ಕಾಂಕ್ರೀಟಿನಲ್ಲಿ ಸಿಗುವ ರಕ್ಷಣೆ ಕಬ್ಬಿಣಕ್ಕೆ ಹಳೆಯ ಸುಣ್ಣ, ಮಣ್ಣಿನಲ್ಲಿ ಸಿಗುವುದಿಲ್ಲ. ತುಕ್ಕು ಹಿಡಿದ ಕಬ್ಬಿಣ ಹಲವು ಪಟ್ಟು ಉಬ್ಬಿ ಕಲ್ಲನ್ನೇ ಸೀಳುತ್ತದೆ. ಗ್ರೀಸ್ ದೇಶದ ಅಥೆನ್ಸಿನ ಪಾರ್ಥೆನಾನ್ ಗುಡಿಯಲ್ಲಿ ಹೀಗೇ ಆಯಿತು. ಹಳೇ ಗ್ರೀಕರು ಕಬ್ಬಿಣದ ಕೊಂಡಿಗೆ ಸೀಸ ಹೊಯ್ದು ಕೂರಿಸಿದ್ದರು. ಇಪ್ಪತ್ತನೇ ಶತಮಾನದ ಆರಂಭದ ದುರಸ್ತಿಯಲ್ಲಿ ಸೀಸ ಇಲ್ಲದೆ ಹಾಕಿದ ಕಬ್ಬಿಣ ತುಕ್ಕು ಹಿಡಿದು ಅಮೃತಶಿಲೆ ಬಿರಿಯಿತು. 1975ರಿಂದ ನಡೆದ ಕೆಲಸದಲ್ಲಿ ಆ ಕಬ್ಬಿಣ ಕಿತ್ತು ಟೈಟಾನಿಯಂ ಹಾಕಬೇಕಾಯಿತು. ದುರಸ್ತಿಯ ದುರಸ್ತಿಗೇ ಹತ್ತಾರು ವರ್ಷ ಹಿಡಿಯಿತು.

ಮಳೆ ಬಂದು ಹೋದ ಮೇಲೆ

2020ರ ಅಕ್ಟೋಬರ್ ಮತ್ತು 2025ರ ಸೆಪ್ಟೆಂಬರ್ ತಿಂಗಳ ಅತಿವೃಷ್ಟಿ, ನೆರೆಯಲ್ಲಿ ಸೊಲ್ಲಾಪುರ ಜಿಲ್ಲೆಯ ಭೀಮಾ, ಸೀನಾ ತೀರದ ಊರುಗಳು ನೀರು ಕಂಡವು. ನೆನೆದ ಗೋಡೆ ನೀರಿದ್ದಾಗಷ್ಟೇ ಬೀಳುವುದಿಲ್ಲ, ನೀರು ಇಳಿದು ಬಿಸಿಲು ಬಿದ್ದ ಮೇಲೂ ಬೀಳುತ್ತದೆ. ಹೊಟ್ಟೆಯ ಮಣ್ಣು ಉಬ್ಬಿ, ಒಣಗುವಾಗ ಕುಗ್ಗಿ ಕಲ್ಲು ಸಡಿಲಾಗುವುದೇ ಕಾರಣ. ಇಂಥ ವೇಳೆ ಮಾಡುವ ದೊಡ್ಡ ತಪ್ಪು ಎಂದರೆ ಗೋಡೆ ಆರುವ ಮುಂಚೆಯೇ ಗಿಲಾವು ಮಾಡಿಸುವುದು. ದಪ್ಪ ಗೋಡೆ ಪೂರ್ತಿ ಆರಲು ತಿಂಗಳುಗಳೇ ಬೇಕು.

ನೀರಿನ ಮೂಲ ನಿಲ್ಲಿಸದೆ ಯಾವ ಮಾಲು ಹಾಕಿದರೂ ದಂಡ. ಊರಿನ ರಸ್ತೆಗೆ ಕಾಂಕ್ರೀಟ್ ಮೇಲೆ ಕಾಂಕ್ರೀಟ್ ಹಾಕಿ ಎತ್ತರ ಮಾಡಿದ್ದರಿಂದ ಎಷ್ಟೋ ಹಳೇ ಮನೆಗಳ ಹೊಸ್ತಿಲು ಈಗ ರಸ್ತೆಗಿಂತ ಕೆಳಗಿದೆ. ಗಟಾರದ ನೀರು ಬುನಾದಿಗೇ ಇಳಿಯುತ್ತದೆ. ಹೊಸ ರಸ್ತೆ ಹಾಕುವಾಗ ಹಳೆಯದನ್ನು ಅಗೆದು ಮಟ್ಟ ಕಾಯ್ದುಕೊಳ್ಳುವಂತೆ ಗ್ರಾಮಸಭೆಯಲ್ಲಿ ಕೇಳುವುದು ಗೋಡೆ ದುರಸ್ತಿಯಷ್ಟೇ ಮುಖ್ಯ.

ಗೌಂಡಿ ಎಲ್ಲಿ ಸಿಗತಾರ?

ಸುಣ್ಣ ಒಳ್ಳೆಯದು ಎಂದು ಹೇಳುವುದು ಸುಲಭ, ಕೆಲಸ ಬಲ್ಲವರನ್ನು ಹುಡುಕುವುದು ಕಷ್ಟ. ಒಂದು ಕಾಲಕ್ಕೆ ದೊಡ್ಡ ಕಟ್ಟಡ ಎದ್ದಲ್ಲೆಲ್ಲ ಎತ್ತು ಎಳೆಯುವ ಸುಣ್ಣದ ಗಾಣ ಇರುತ್ತಿತ್ತು. ಮರಾಠಿಯಲ್ಲಿ ‘ಚುನ್ಯಾಚಿ ಘಾಣಿ’. ಅದರ ದುಂಡು ಕಲ್ಲುಗಳು ಈಗ ಗುಡಿಯ ಬಯಲಿನಲ್ಲೋ ಕೋಟೆಯ ಮಗ್ಗುಲಲ್ಲೋ ಬಿದ್ದಿವೆ. ಗಾಣ ತಿರುಗಿಸಿದ ಕೈಗಳು ವಯಸ್ಸಾಗಿ ಮನೆ ಹಿಡಿದಿವೆ. ಅವರ ಮಕ್ಕಳು ಕಲಿತದ್ದು ಸಿಮೆಂಟ್, ಯಾಕೆಂದರೆ ಕೆಲಸ ಇದ್ದದ್ದು ಅದರಲ್ಲೇ.

ಖರ್ಚಿನ ಮಾತೂ ಇದೆ. ಸುಣ್ಣದ ಕೆಲಸಕ್ಕೆ ಕೂಲಿ ಹೆಚ್ಚು, ದಿನ ಹೆಚ್ಚು. ಒಂದೇ ಸಲಕ್ಕೆ ಇಡೀ ಮನೆ ಆಗದಿದ್ದರೆ ಮೊದಲು ಮಾಳಿಗೆಯ ಭಾರ ಇಳಿಸಿ, ನೀರು ನಿಲ್ಲಿಸಿ, ಮಲಗುವ ಕೋಣೆಯ ಗೋಡೆ ಹೆಣೆಸಿ. ಗಿಲಾವು ಮುಂದಿನ ವರ್ಷಕ್ಕೆ ಇರಲಿ. ಜೀವ ಉಳಿಸುವುದು ಮೊದಲಿನ ಮೂರು.

ಎರಡೂ ಭಾಷೆಯ ಗೌಂಡಿಗಳು ಇರುವ ಈ ಭಾಗದಲ್ಲಿ ಹಿರಿಯರ ಕೈಗುಣ ಇರುವಾಗಲೇ ಹುಡುಗರಿಗೆ ಸುಣ್ಣದ ಕೆಲಸ ಕಲಿಸುವ ತರಬೇತಿ ನಡೆಯಬೇಕಿದೆ. ಐಟಿಐಗಳು, ಎಂಜಿನಿಯರಿಂಗ್ ಕಾಲೇಜುಗಳು, ಮಠಗಳು ಮನಸ್ಸು ಮಾಡಿದರೆ ಇದು ದೊಡ್ಡ ಕೆಲಸವೇನಲ್ಲ. ದುರಸ್ತಿ ಮಾಡಬೇಕಾದ ಹಳೇ ಗೋಡೆಗಳಂತೂ ಊರೂರಲ್ಲಿ ಸಾಕಷ್ಟಿವೆ.

ಗೋಡೆ ಮುಟ್ಟುವ ಮುನ್ನ

* ಸೀಳಿನ ಎರಡೂ ತುದಿಗೆ ಪೆನ್ಸಿಲ್ ಗುರುತು ಹಾಕಿ ತಾರೀಖು ಬರೆಯಿರಿ. ಒಂದು ಮಳೆಗಾಲ, ಒಂದು ಬೇಸಿಗೆ ನೋಡಿ. ಸೀಳು ಬೆಳೆಯುತ್ತಿದ್ದರೆ ಬುನಾದಿ ತೋರಿಸಬೇಕು, ಗಿಲಾವು ಪರಿಹಾರವಲ್ಲ.

* ಒಳಂಬ ಬಿಟ್ಟು ಗೋಡೆ ನೋಡಿ. ಹೊಟ್ಟೆ ಬಂದಿದ್ದರೆ ಒಳಸಾಲು–ಹೊರಸಾಲು ಬೇರೆಯಾಗುತ್ತಿವೆ. ಅಲ್ಲಿ ಮಲಗಬೇಡಿ. ಆಸರೆ ಕೊಟ್ಟು ಎಂಜಿನಿಯರರನ್ನು ಕರೆಸಿ.

* ತೊಲೆಯ ತುದಿಗೆ ಮೊಳೆ ಚುಚ್ಚಿ ನೋಡಿ. ಸಲೀಸಾಗಿ ಇಳಿದರೆ ಕೊಳೆತಿದೆ ಎಂದರ್ಥ.

* ಸೋರಿದರೆ ಮಾಳಿಗೆಗೆ ಹೊಸ ಮಣ್ಣು ಸುರಿಯಬೇಡಿ. ಹಳೇ ಮಣ್ಣು ತೆಗೆಸಿ, ನೀರು ಇಳಿಯದ ದಪ್ಪ ಹಾಳೆ ಹಾಸಿ, ತೆಳುವಾಗಿ ಹಾಕಿಸಿ.

* ಹಳೇ ಸಿಮೆಂಟ್ ಗಿಲಾವು ಸಡಿಲಾಗಿದ್ದಲ್ಲಿ ಮಾತ್ರ ತೆಗೆಸಿ. ಗಟ್ಟಿ ಹಿಡಿದದ್ದನ್ನು ಹೊಡೆದು ಕೀಳಲು ಹೋದರೆ ಕಲ್ಲೂ ಬರುತ್ತದೆ.

* ಹೊಸ ಮಾಲನ್ನು ಮೊದಲು ಹಿತ್ತಲ ಗೋಡೆಯ ಒಂದು ಗಜ ಜಾಗಕ್ಕೆ ಹಾಕಿ, ಒಂದು ಮಳೆಗಾಲ ಕಳೆಯಲಿ. ಹೊಂದಿತೆಂದರೆ ಮುಂದುವರಿಯಿರಿ.